ಕಾಗದ ಮಾಡಿದವರು, ಕಾಗದ ಕೊಂಡವರು

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವು ನಮಾಝಿನ ಕುರಿತೋ ಉಪವಾಸದ ಕುರಿತೋ ಇರಬಹುದೆಂದು ಬಾಲ್ಯದಲ್ಲಿ ನಾವು ಭಾವಿಸಿದ್ದೆವು. ಅದು ಸಾಲದ ಬರಹವನ್ನು ಕುರಿತದ್ದೆಂದು ಮದ್ರಸದ ಉಸ್ತಾದರು ಹೇಳಿದಾಗ ತರಗತಿಯಲ್ಲಿ ಒಂದಿಬ್ಬರು ನಕ್ಕದ್ದು ಈಗಲೂ ನೆನಪಿದೆ. ಅಲ್ ಬಕರ ಅಧ್ಯಾಯದ 282ನೆಯ ಸೂಕ್ತವದು. ಸಾಲವು ಸಣ್ಣದಿರಲಿ ದೊಡ್ಡದಿರಲಿ, ಅವಧಿ ಸಹಿತ ಬರೆದಿಡಬೇಕು, ಬರೆಯಬಲ್ಲವನು ಹಿಂದೆಗೆಯಬಾರದು, ಸಾಲದ ಹೊಣೆ ಹೊತ್ತವನೇ ಹೇಳಿ ಬರೆಸಬೇಕು, ಅವನಿಂದಾಗದಿದ್ದರೆ ಅವನ ಪರವಾಗಿ ಪೋಷಕನು ನ್ಯಾಯದಿಂದ ಹೇಳಿ ಬರೆಸಬೇಕು ಎಂಬುದು ಅದರ ಆಶಯ.

ಈ ಸೂಕ್ತದ ಬೆಲೆ ನಮಗೆ ಅರ್ಥವಾದದ್ದು ಅಜ್ಜನ ಕಥೆಯಿಂದ. ಅಜ್ಜ ನೇತ್ರಾವತಿಯ ದಂಡೆಯಲ್ಲಿ ಒಣಮೀನು ಮತ್ತು ಕೊಪ್ಪರದ ವ್ಯಾಪಾರ ನಡೆಸುತ್ತಿದ್ದರು. ಅನಕ್ಷರಸ್ಥರೇನೂ ಅಲ್ಲ, ಪ್ರತಿ ರಾತ್ರಿ ಇಶಾ ನಮಾಝಿನ ಬಳಿಕ ಚಿಮಣಿ ದೀಪದ ಮುಂದೆ ಕುಳಿತು ಉದ್ರಿ ಲೆಕ್ಕ ಬರೆಯುತ್ತಿದ್ದರು. ಮಾತು ಬ್ಯಾರಿ, ಲಿಪಿ ಅರಬಿ-ಮಲಯಾಳಂ. ಆದರೆ ಕನ್ನಡವಾಗಲಿ ಇಂಗ್ಲಿಷಾಗಲಿ ಅವರಿಗೆ ಓದಲು ಬರುತ್ತಿರಲಿಲ್ಲ. ಒಂದು ಮಳೆಗಾಲದ ಮುನ್ನ ಸಗಟು ವ್ಯಾಪಾರಿಯೊಬ್ಬನಿಂದ ಪಡೆದ ಮುಂಗಡಕ್ಕೆ ಅವರು ಸಹಿ ಹಾಕಿದ ಕಾಗದದಲ್ಲಿ ಅಂಗಡಿಯ ಜಾಗವನ್ನೇ ಅಡವಿಟ್ಟಂತೆ ಬರೆದಿತ್ತು. ಅದು ಮನೆಯವರಿಗೆ ತಿಳಿಯುವ ಹೊತ್ತಿಗೆ ಅವಧಿ ಮುಗಿದಿತ್ತು. ಅಂಗಡಿ ಹೋಯಿತು. ಅಜ್ಜ ಅದೇ ಅಂಗಡಿಯಲ್ಲಿ ಕೂಲಿಗೆ ನಿಂತು ಮೂಟೆ ಹೊತ್ತರೆಂದು ನಮ್ಮ ತಾಯಿ ಹೇಳುತ್ತಿದ್ದರು. ಹೇಳಿ ಬರೆಸಬೇಕಾದವರು ಅವರಾಗಿದ್ದರು, ಬರೆಸಿದವನು ಬೇರೊಬ್ಬ.

ಅಂದಿನಿಂದ ನಮ್ಮ ಮನೆಯಲ್ಲಿ 'ಕಾಗದ' ಎಂಬ ಪದಕ್ಕೆ ಒಂದು ಬಗೆಯ ಭಯ ಅಂಟಿಕೊಂಡಿತು. ಆ ಪದ ಪಾರಸಿಯ 'ಕಾಗಝ್' ಎಂಬುದರಿಂದ ಕನ್ನಡಕ್ಕೆ ಬಂದದ್ದೆಂದು ಬಹಳ ತಡವಾಗಿ ತಿಳಿಯಿತು. ಆ ವಸ್ತುವನ್ನು ಜಗತ್ತಿನ ಅರ್ಧಭಾಗಕ್ಕೆ ಪರಿಚಯಿಸಿದವರು ಮುಸ್ಲಿಮರು ಎಂದು ಓದಿದಾಗ ನಮಗಾದದ್ದು ಹೆಮ್ಮೆಯೋ ಸಂಕಟವೋ ಹೇಳಲಾರೆವು.

ಕಾಗದ ಚೀನೀಯರ ಆವಿಷ್ಕಾರ. ಕ್ರಿ.ಶ. 751ರ ತಲಾಸ್ ಯುದ್ಧದಲ್ಲಿ ಸೆರೆಸಿಕ್ಕ ಚೀನೀಯರು ಸಮರ್‌ಕಂದಿನಲ್ಲಿ ಈ ವಿದ್ಯೆಯನ್ನು ಕಲಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. ಮಧ್ಯ ಏಷ್ಯಾದಲ್ಲಿ ಕಾಗದ ಅದಕ್ಕಿಂತ ಮುಂಚೆಯೇ ಇತ್ತಾದ್ದರಿಂದ ಇತಿಹಾಸಕಾರರು ಆ ಕಥೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಕಥೆ ಹೇಗಾದರೂ ಇರಲಿ, ಮುಂದೆ ಆದದ್ದು ಖಚಿತ. 762ರಲ್ಲಿ ಸ್ಥಾಪನೆಯಾದ ಬಗ್ದಾದ್ ನಗರ ಆ ಶತಮಾನ ಮುಗಿಯುವುದರೊಳಗೆ ಕಾಗದದ ನಗರವಾಯಿತು. ಅದುವರೆಗೆ ಬರೆಯಲು ಇದ್ದದ್ದು ಈಜಿಪ್ಟಿನ ಪಪೈರಸ್ ಮತ್ತು ಪ್ರಾಣಿಗಳ ಚರ್ಮ. ಒಂದು ದೊಡ್ಡ ಮುಸ್‌ಹಫ್ ಬರೆಯಲು ಕುರಿಯ ಹಿಂಡೇ ಬೇಕಾಗುತ್ತಿತ್ತು. ಕಾಗದಕ್ಕಾದರೋ ಹರಿದ ನಾರುಬಟ್ಟೆ, ನೀರು, ಕುಟ್ಟುವ ಕೈಗಳು ಸಾಕು. ಖಲೀಫಾ ಹಾರೂನ್ ಅಲ್ ರಶೀದರ ಕಾಲದಲ್ಲಿ ಬರ್ಮಕೀ ಮನೆತನದ ಫಝ್ಲ್ ಎಂಬವರು ಆಡಳಿತಕ್ಕೆ ಕಾಗದವನ್ನು ತಂದರೆಂದು ಇಬ್ನು ಖಲ್ದೂನ್ ದಾಖಲಿಸಿದ್ದಾರೆ. ಅದಕ್ಕೊಂದು ಸ್ವಾರಸ್ಯಕರ ಕಾರಣವನ್ನೂ ಹೇಳಲಾಗುತ್ತದೆ: ಚರ್ಮದ ಮೇಲಿನ ಬರಹವನ್ನು ಕೆರೆದು ತಿದ್ದಬಹುದು, ಕಾಗದದಲ್ಲಿ ಶಾಯಿ ಒಳಗಿಳಿಯುವುದರಿಂದ ತಿದ್ದಿದರೆ ಸಿಕ್ಕಿಬೀಳುತ್ತದೆ. ಸುಳ್ಳು ಲೆಕ್ಕ ಬರೆಯುವವನಿಗೆ ಕಷ್ಟವಾಗಲೆಂದೇ ಕಾಗದ ದಫ್ತರವನ್ನು ಹೊಕ್ಕಿತು!

ಮುಂದೆ ಒಂದು ಕಸುಬಿನಿಂದ ಹತ್ತು ಕಸುಬು ಹುಟ್ಟಿದವು. ಚಿಂದಿ ಆಯುವವರು, ಕಾಗದ ಮಾಡುವವರು, ಶಾಯಿ ಕಾಯಿಸುವವರು, ಪ್ರತಿ ಮಾಡುವವರು, ರಟ್ಟು ಕಟ್ಟುವವರು, ಮಾರುವವರು. ಕಾಗದ ಮತ್ತು ಗ್ರಂಥಗಳ ವ್ಯಾಪಾರಿಯನ್ನು 'ವರ್ರಾಕ್' ಎನ್ನುತ್ತಿದ್ದರು. ಬಗ್ದಾದಿನಲ್ಲಿ ಅಂತಹ ನೂರಕ್ಕೂ ಹೆಚ್ಚು ಅಂಗಡಿಗಳಿದ್ದುವೆಂದು ಒಂಬತ್ತನೆಯ ಶತಮಾನದ ಭೂಗೋಳಜ್ಞ ಯಅಕೂಬಿ ಬರೆಯುತ್ತಾರೆ. ಆ ವೃತ್ತಿಗೆ ಸೇರಿದ ಇಬ್ನು ನದೀಮ್ ಅರಬಿಯಲ್ಲಿ ಆ ವರೆಗೆ ಬಂದ ಗ್ರಂಥಗಳ ಪಟ್ಟಿಯನ್ನು 987ರ ಸುಮಾರಿಗೆ 'ಅಲ್ ಫಿಹ್ರಿಸ್ತ್' ಎಂಬ ಹೆಸರಿನಲ್ಲಿ ಸಿದ್ಧಪಡಿಸಿದರು. ಅಂಗಡಿಯವನೊಬ್ಬ ಅಂತಹ ಕೆಲಸಕ್ಕೆ ಕೈಹಾಕುವಷ್ಟು ಜ್ಞಾನವು ಪೇಟೆಯ ಸರಕಾಗಿತ್ತು.

ಹಣದ ಚಲನೆಯೂ ಬದಲಾಯಿತು. ನಾಣ್ಯದ ಚೀಲ ಹೊತ್ತು ಮರುಭೂಮಿ ದಾಟುವ ಬದಲು 'ಸಕ್ಕ್' ಎಂಬ ಪತ್ರವನ್ನು ಒಯ್ಯತೊಡಗಿದರು. ಹತ್ತನೆಯ ಶತಮಾನದ ಪ್ರವಾಸಿ ಇಬ್ನು ಹೌಕಲ್, ಸಹಾರಾದ ದಕ್ಷಿಣದಂಚಿನ ಔದಗುಸ್ತ್ ಎಂಬಲ್ಲಿ 42,000 ದೀನಾರ್ ಮೌಲ್ಯದ ಅಂತಹ ಪತ್ರವೊಂದನ್ನು ಕಂಡು ಬೆರಗಾದರು. ಇನ್ನು ಅಲ್ ಖ್ವಾರಿಝ್ಮಿಯವರ ಬೀಜಗಣಿತದ ಗ್ರಂಥ. ಅದರ ಸುಮಾರು ಅರ್ಧಭಾಗ ವಾರಸು ಹಂಚಿಕೆ ಮತ್ತು ಮೃತ್ಯುಪತ್ರಗಳ ಲೆಕ್ಕಕ್ಕೇ ಮೀಸಲಾಗಿದೆ. ಭಾರತದ ಅಂಕಿಗಳನ್ನು ವಿವರಿಸಿ ಅವರು ಬರೆದ ಇನ್ನೊಂದು ಕೃತಿ ಮುಂದೆ ಲ್ಯಾಟಿನ್ನಿಗೆ ಅನುವಾದವಾಗಿ ಯುರೋಪನ್ನು ತಲುಪಿತು. ಅವರ ಶತಮಾನದಲ್ಲೇ ನಮ್ಮ ನಾಡಿನ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು ಬಡ್ಡಿ, ಪಾಲುದಾರಿಕೆಗಳ ಲೆಕ್ಕವನ್ನು 'ಗಣಿತಸಾರಸಂಗ್ರಹ'ದಲ್ಲಿ ಬಿಡಿಸುತ್ತಿದ್ದರೆಂಬುದನ್ನು ಇಲ್ಲಿ ಹೇಳದಿರಲು ಮನಸ್ಸು ಒಪ್ಪುವುದಿಲ್ಲ.

ಆ ಕಾಗದ ನಮ್ಮ ಮಂಗಳೂರಿಗೂ ಬಂದಿತ್ತು. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲಿ, ಬಹುಕಾಲ ಮಂಗಳೂರಿನಲ್ಲಿ ನೆಲೆಸಿದ್ದರು. ಅವರ ಪತ್ರಗಳು ಕೈರೋದ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದುಬಂದಿವೆ. ಏಡನ್ನಿನ ಮಿತ್ರರು ಸಕ್ಕರೆ, ಒಣದ್ರಾಕ್ಷಿಗಳ ಜೊತೆಗೆ ಕಾಗದವನ್ನೂ ಉಡುಗೊರೆಯಾಗಿ ಹಡಗಿನಲ್ಲಿ ಕಳುಹಿಸುತ್ತಿದ್ದರು. ತಾಳೆಗರಿಯಲ್ಲಿ ಬರೆಯುತ್ತಿದ್ದ ಈ ತೀರದಲ್ಲಿ ಕಾಗದ ಅಷ್ಟು ದುರ್ಲಭವಾಗಿತ್ತು. ಬಂದ ಪತ್ರಗಳ ಖಾಲಿ ಜಾಗದಲ್ಲೇ ಬೆನ್ ಯಿಜು ತಮ್ಮ ಲೆಕ್ಕ ಗೀಚಿಕೊಂಡಿದ್ದಾರೆ. ಭಾಷೆ ಅರಬಿ, ಲಿಪಿ ಹೀಬ್ರೂ. ಓದುತ್ತಿದ್ದಂತೆ ಅಜ್ಜನ ಪುಸ್ತಕ ನಮಗೆ ನೆನಪಾಯಿತು.

ಇಷ್ಟರವರೆಗಿನ ಕಥೆಯನ್ನು ನಮ್ಮ ಸಭೆಗಳಲ್ಲಿ ಅನೇಕರು ಹೇಳುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ಕಥೆ ಬಗ್ದಾದಿನಲ್ಲಿ ನಿಲ್ಲುವುದಿಲ್ಲ. ಸ್ಪೇನಿನ ಮುಸ್ಲಿಮರ ಮೂಲಕ ಕಾಗದದ ವಿದ್ಯೆ ಯುರೋಪನ್ನು ಸೇರಿತು. ಹದಿಮೂರನೆಯ ಶತಮಾನದಲ್ಲಿ ಇಟಲಿಯ ಫಬ್ರಿಯಾನೋ ಎಂಬ ಸಣ್ಣ ಪಟ್ಟಣದ ಕುಶಲಕರ್ಮಿಗಳು ಅದನ್ನು ಕಲಿತು, ಕಲಿತಷ್ಟಕ್ಕೆ ಸುಮ್ಮನಾಗಲಿಲ್ಲ. ಹರಿಯುವ ನೀರಿನಿಂದ ಏಳುವ ಬೀಳುವ ಕೊಡತಿಗಳನ್ನು ಚಿಂದಿ ಕುಟ್ಟಲು ಹೂಡಿದರು. ಅರಬರು ಹಾಳೆಗೆ ಗಂಜಿ ಹಾಕುತ್ತಿದ್ದರೆ ಇವರು ಪ್ರಾಣಿಗಳ ಚರ್ಮ-ಮೂಳೆ ಬೇಯಿಸಿ ತೆಗೆದ ಅಂಟನ್ನು ಹಚ್ಚಿದರು; ಹಾಳೆ ಗಟ್ಟಿಯಾಯಿತು. ತಂತಿಯ ಅಚ್ಚಿನಲ್ಲಿ ಗುರುತೊಂದನ್ನು ಹೊಸೆದು, ಬೆಳಕಿಗೆ ಹಿಡಿದರೆ ಕಾಣುವ ನೀರ್ಗುರುತನ್ನು ಪ್ರತಿ ಹಾಳೆಯಲ್ಲೂ ಮೂಡಿಸಿದರು. ಒಂದೊಂದೂ ಸಣ್ಣ ಸುಧಾರಣೆಯೇ. ಅತ್ತ ಪ್ಲೇಗು, ಯುದ್ಧಗಳಿಂದ ಮುಸ್ಲಿಮ್ ನಾಡುಗಳ ನಗರಗಳು ಸೊರಗಿದ್ದವು. ಅಗ್ಗವಾದ ಇಟಲಿಯ ಕಾಗದ ಅದೇ ಕಡಲನ್ನು ದಾಟಿ ಈಜಿಪ್ಟಿಗೂ ಮಗ್ರಿಬಿಗೂ ಬರತೊಡಗಿತು.

1409ರಲ್ಲಿ ಇಂದಿನ ಅಲ್ಜೀರಿಯಾದ ತಿಲಿಮ್ಸಾನ್ ನಗರದ ವಿದ್ವಾಂಸ ಇಬ್ನು ಮರ್ಝೂಕರ ಮುಂದೆ ಪ್ರಶ್ನೆಯೊಂದು ಬಂತು. ಕ್ರೈಸ್ತರು ತಯಾರಿಸಿದ ಈ ಕಾಗದದ ನೀರ್ಗುರುತಿನಲ್ಲಿ ಶಿಲುಬೆ ಇರುತ್ತದೆ. ಇದರ ಮೇಲೆ ಅಲ್ಲಾಹನ ನಾಮ ಬರೆಯಬಹುದೇ? ಅವರು ವಿಸ್ತಾರವಾಗಿ ಚರ್ಚಿಸಿ, ಬರೆಯಬಹುದೆಂದು ಅನುಮತಿಯಿತ್ತರು. ಅಸತ್ಯದ ಗುರುತಿನ ಮೇಲೆ ಸತ್ಯವನ್ನು ಬರೆದಂತಾಗುವುದೆಂಬುದು ಅವರ ವಾದಗಳಲ್ಲೊಂದು. ಉದಾರವಾದ, ವಿವೇಕದ ಫತ್ವಾ ಅದು; ಆ ವಿದ್ವಾಂಸರ ಬಗ್ಗೆ ನಮಗೆ ಗೌರವವೇ ಇದೆ. ನಮ್ಮನ್ನು ತಡೆದು ನಿಲ್ಲಿಸುವುದು ಅದರೊಳಗಿನ ಇನ್ನೊಂದು ಸಂಗತಿ. ತಿಲಿಮ್ಸಾನ್, ಫೆಝ್, ಅಂದಲೂಸ್‌ಗಳಲ್ಲಿ ಹಿಂದೆ ಕಾಗದ ತಯಾರಾಗುತ್ತಿತ್ತು, ಈಗ ಇಲ್ಲ, ಆದ್ದರಿಂದ ಬೇರೆ ದಾರಿಯಿಲ್ಲ ಎಂಬ ಮಾತು ಅಲ್ಲಿ ಬರುತ್ತದೆ. ಬಳಸಬಹುದೇ ಎಂದು ಕೇಳಿದವರು ಇದ್ದರು. ಏಕೆ ನಿಂತುಹೋಯಿತು, ಮತ್ತೆ ತಯಾರಿಸಲು ಏನು ಬೇಕು ಎಂದು ಆ ಫಬ್ರಿಯಾನೋದ ಕೊಡತಿಯನ್ನು ನೋಡಿಬರಲು ಹಡಗು ಹತ್ತಿದವರ ಸುದ್ದಿಯನ್ನು ನಾವೆಲ್ಲೂ ಓದಲಿಲ್ಲ.

ಮುದ್ರಣದ ಕಥೆಯೂ ಇದೇ ಜಾಡಿನದು. ಇಸ್ತಾಂಬುಲಿನಲ್ಲಿ ಯಹೂದಿಯರು 1493ರಲ್ಲೇ ಮುದ್ರಣಾಲಯ ತೆರೆದಿದ್ದರು. ಅದೇ ನಗರದಲ್ಲಿ ಇಬ್ರಾಹೀಮ್ ಮುತಫರ್ರಿಕಾ ಎಂಬವರಿಗೆ ಅರಬಿ ಲಿಪಿಯ ಮುದ್ರಣಕ್ಕೆ ಸುಲ್ತಾನರ ಅನುಮತಿ ದೊರೆತದ್ದು 1727ರಲ್ಲಿ. 234 ವರ್ಷಗಳ ಅಂತರ! ಹದಿನೈದನೆಯ ಶತಮಾನದ ಕೊನೆಯೊಳಗೆ ಮುದ್ರಣಾಲಯ ಪಡೆದ ಯುರೋಪಿನ ನಗರಗಳು, ಅಂತಹುದೇ ಇತರ ನಗರಗಳಿಗಿಂತ ಮುಂದಿನ ನೂರು ವರ್ಷಗಳಲ್ಲಿ ಶೇ. 60ರಷ್ಟು ವೇಗವಾಗಿ ಬೆಳೆದುವೆಂದು ಅರ್ಥಶಾಸ್ತ್ರಜ್ಞ ಜೆರೆಮಯಾ ಡಿಟ್‌ಮಾರ್ ಲೆಕ್ಕಹಾಕಿದ್ದಾರೆ. ಆ ನೂರು ವರ್ಷ ನಮ್ಮ ಪಾಲಿಗೆ ಬರಲಿಲ್ಲ. ಇದಕ್ಕೆ ಉಲಮಾಗಳೇ ಹೊಣೆಯೆಂದು ದೂರುವುದು ಸುಲಭ, ನಮ್ಮ ವಿದ್ಯಾವಂತ ಯುವಕರು ಹಾಗೆಯೇ ದೂರುತ್ತಾರೆ. ಆದರೆ ಮುತಫರ್ರಿಕಾರ ಪರವಾಗಿ ಫತ್ವಾ ನೀಡಿದವರು ಸ್ವತಃ ಶೈಖುಲ್ ಇಸ್ಲಾಮ್ ಆಗಿದ್ದರು. ಅನುಮತಿ ಸಿಕ್ಕಿದ ನಂತರವೂ ಆ ಮುದ್ರಣಾಲಯದಿಂದ ಅವರ ಕಾಲದಲ್ಲಿ ಹೊರಬಂದದ್ದು 17 ಗ್ರಂಥಗಳು ಮಾತ್ರ. ಕೊಳ್ಳುವವರು ಕಡಿಮೆ, ಓದಬಲ್ಲವರು ಅದಕ್ಕಿಂತಲೂ ಕಡಿಮೆ. ಎರಡೂ ಪ್ರಸಂಗಗಳಲ್ಲಿ ಫತ್ವಾ ಬಾಗಿಲು ತೆರೆದೇ ಇತ್ತು, ಒಳಗೆ ಹೋಗುವ ಜನ ಇರಲಿಲ್ಲ.

ಕಳೆದ ರಮಝಾನಿನಲ್ಲಿ ನಮ್ಮ ಮೊಹಲ್ಲಾದಲ್ಲಿ ಪ್ರಶ್ನೋತ್ತರದ ಕಾರ್ಯಕ್ರಮವಿತ್ತು. ವುಝೂ ಇಲ್ಲದೆ ಮೊಬೈಲಿನಲ್ಲಿ ಕುರ್‌ಆನ್ ಓದಬಹುದೇ, ಫೋನಿನ ಮೂಲಕ ಝಕಾತ್ ಕಳುಹಿಸಬಹುದೇ ಎಂಬಂತಹ ಪ್ರಶ್ನೆಗಳು. ಉಸ್ತಾದರು ತಾಳ್ಮೆಯಿಂದ ಉತ್ತರಿಸಿದರು. ಕೊನೆಗೆ ನಮ್ಮ ತಂಗಿಯ ಮಗ ಎದ್ದುನಿಂತ. ಅವನು ಪದವಿ ಅರ್ಧಕ್ಕೆ ಬಿಟ್ಟು ಮೊಬೈಲ್ ಅಂಗಡಿಯಲ್ಲಿ ಕವರ್ ಮಾರುವ ಹುಡುಗ. "ಉಸ್ತಾದ್, ಇದನ್ನು ಬಳಸಬಹುದೋ ಇಲ್ಲವೋ ಎಂದು ಎಲ್ಲರೂ ಕೇಳಿದರು. ಇದನ್ನು ಮಾಡುವುದನ್ನು ಕಲಿಯಬೇಕೆಂದರೆ ನಮ್ಮ ಜಮಾಅತಿನಲ್ಲಿ ಯಾರನ್ನು ಕೇಳಬೇಕು?" ಎಂದ. ಸಭೆಯಲ್ಲಿ ಯಾರೋ ನಕ್ಕರು. ಉಸ್ತಾದರು ನಗಲಿಲ್ಲ. ತುಸು ಹೊತ್ತು ಸುಮ್ಮನಿದ್ದು, "ಮೋನೇ, ನನಗೂ ಗೊತ್ತಿಲ್ಲ. ನಾಳೆ ಕಮಿಟಿಯ ಮುಂದೆ ನಾವಿಬ್ಬರೂ ಸೇರಿ ಕೇಳೋಣ" ಎಂದರು. ಮಸೀದಿಯ ಹೊಸ ಕಮಾನಿಗೆಂದು ಸಂಗ್ರಹವಾದ ಹಣದಲ್ಲಿ ಒಂದು ಪಾಲನ್ನು ಅವನಂತಹ ಐವರ ತಾಂತ್ರಿಕ ಕಲಿಕೆಗೆ ಕೊಡಬೇಕೆಂದು ಉಸ್ತಾದರು ಪ್ರಸ್ತಾಪವಿಟ್ಟಿದ್ದಾರೆ. ಕಮಿಟಿಯಲ್ಲಿ ಎರಡು ಅಭಿಪ್ರಾಯಗಳಿವೆ. ಇದನ್ನು ಬರೆಯುವ ಹೊತ್ತಿಗೂ ತೀರ್ಮಾನವಾಗಿಲ್ಲ. ನಾವು ಯಾರ ಪರ ಕೈಯೆತ್ತಿದೆವೆಂದು ಬೇರೆ ಹೇಳಬೇಕಾಗಿಲ್ಲ.

ಆ ರಾತ್ರಿ ಹುಡುಗನನ್ನು ಮನೆಗೆ ಕರೆದು ಅಟ್ಟದ ಪೆಟ್ಟಿಗೆಯಿಂದ ಅಜ್ಜನ ಪುಸ್ತಕವನ್ನು ತೆಗೆಸಿದೆವು. ಅದನ್ನು ಓದಬಲ್ಲವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ. ಅವನು ಒಂದೊಂದೇ ಹಾಳೆಯನ್ನು ಫೋನಿನಲ್ಲಿ ಚಿತ್ರ ತೆಗೆಯುತ್ತ ಹೋದ, ಆ ಲಿಪಿ ಬಲ್ಲ ಹಿರಿಯರೊಬ್ಬರಿಗೆ ಕಳುಹಿಸಲು. ನಡುವೆ ಬಿಡಿಯಾದ ಹಾಳೆಯೊಂದನ್ನು ದೀಪಕ್ಕೆ ಎತ್ತಿ ಹಿಡಿದು, "ಮಾಮಾ, ಇದರೊಳಗೆ ಏನೋ ಗುರುತಿದೆ" ಎಂದ. ನೋಡಿದೆವು. ಕಿರೀಟದಂತಹ ಒಂದು ನೀರ್ಗುರುತು, ಅದರ ಕೆಳಗೆ ಯಾವುದೋ ಗಿರಣಿಯ ಹೆಸರಿನ ಅರ್ಧ. ಅದರ ಮೇಲೆ ಅಜ್ಜನ ಕೈಬರಹದಲ್ಲಿ, ನಮಗೆ ಓದಲು ಬರುವ ಒಂದೇ ಸಾಲು, ಬಿಸ್ಮಿಲ್ಲಾಹ್.