ಶ್ರುತಿ ನಿಂತ ಪ್ರಸಂಗ

ಕಂಪ್ಯೂಟರ್ ಆಟಗಳಿಗೆ ಆಧಾರವಾಗಿ ನಿಲ್ಲುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎಂದು ಹೆಸರು. ಅದರಲ್ಲಿ ಶಬ್ದ ನುಡಿಸುವ ಇಂಟರ್‌ಫೇಸನ್ನು ರೂಪಿಸುವುದು ನನ್ನ ಕೆಲಸ. ‘ನುಡಿಸು’, ‘ನಿಲ್ಲಿಸು’, ‘ತಗ್ಗಿಸು’ ಎಂದು ಆಟ ಬರೆಯುವವರು ಕೊಡುವ ನಾಲ್ಕಾರು ಅಪ್ಪಣೆಗಳನ್ನು ನಡೆಸಿಕೊಡುವುದು, ಅಷ್ಟೆ. ಇದೇನು ಮಹಾವಿದ್ಯೆ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೆಯೇ ತಿಳಿದಿದ್ದೆ.

ಕಷ್ಟವೆಲ್ಲ ಕಿವಿಯದು. ನಡುವೆ ಒಂದು ಚಿತ್ರ ತಪ್ಪಿದರೆ ಕಣ್ಣು ಹೋಗಲಿ ಎಂದು ಬಿಟ್ಟೀತು. ಕಿವಿಗೆ ಆ ದಾಕ್ಷಿಣ್ಯವಿಲ್ಲ. ಸೆಕೆಂಡಿಗೆ 48,000 ಅಂಕಿಗಳಾಗಿ ಒಡೆದ ಶಬ್ದವನ್ನು, 512ರ ಕಂತುಗಳಲ್ಲಿ, ಸುಮಾರು 11 ಮಿಲಿಸೆಕೆಂಡಿಗೊಂದರಂತೆ ಒದಗಿಸುತ್ತಲೇ ಇರಬೇಕು. ತಡವಾಯಿತೋ, ‘ಟಕ್’ ಎನ್ನುತ್ತದೆ. ಆದ್ದರಿಂದ ಒಮ್ಮೆಗೆ ನುಡಿಯುವ ದನಿಗಳಿಗೊಂದು ಮಿತಿ ಬೇಕು. ನಾನು 32 ಎಂದು ಗೊತ್ತುಮಾಡಿದೆ. 33ನೆಯದು ಬಂದರೆ? ಎಲ್ಲಕ್ಕಿಂತ ಹಳೆಯದನ್ನು ಎಬ್ಬಿಸಿ ಕಳುಹಿಸುವುದು. ನಿಯಮ ಚೊಕ್ಕವಾಗಿದೆಯೆಂದು ಒಳಗೊಳಗೇ ಹೆಮ್ಮೆಪಟ್ಟೆ.

ನಮ್ಮ ತಂದೆಯವರು ಬಹಳ ವರ್ಷ ಸಂಗೀತ ಕಚೇರಿಗಳಲ್ಲಿ ತಂಬೂರಿ ಹಿಡಿದು ಕುಳಿತವರು. ಗಾಯಕರಿಗೆ ಹಾರ ಬೀಳುವ ಹೊತ್ತಿಗೆ ಇವರು ತಂಬೂರಿಗೆ ಗವಸು ಹಾಕುತ್ತಿದ್ದರು. ಅವರ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸಿಕೊಂಡು, ಪರೀಕ್ಷೆಯ ಆಟವೊಂದಕ್ಕೆ ಹಿನ್ನೆಲೆಯಾಗಿಟ್ಟು, ಕೇಳಿಸಲು ಕೂರಿಸಿದೆ. ಪರದೆಯ ಮೇಲೆ ಯುದ್ಧ ಹತ್ತಿತು. ಬಾಣ, ಗುಡುಗು, ಕುದುರೆಯ ಗೊರಸು. ಆ ಗದ್ದಲದ ನಡುವೆ ಅವರು ತಲೆಯೆತ್ತಿ, “ಶ್ರುತಿ ನಿಂತುಹೋಯಿತಲ್ಲೋ” ಎಂದರು.

ನಿಜ. ಎಲ್ಲರಿಗಿಂತ ಮೊದಲು ಬಂದು ಕುಳಿತದ್ದು ತಂಬೂರಿ. ಮೊದಲು ಎದ್ದುಹೋದದ್ದೂ ಅದೇ.

“ಹಳೆಯದನ್ನು ಮೊದಲು ತೆಗೆಯಬೇಕೆಂದು ನಿಯಮ, ಅಪ್ಪ.”

“ಯಾರು ಮಾಡಿದ ನಿಯಮ?”

ನಾನೇ ಎನ್ನಲು ನನಗೆ ಬಾಯಿ ಬರಲಿಲ್ಲ.

ಆ ರಾತ್ರಿಯೇ ತಿದ್ದಿದೆ. ಈಗ ಪ್ರತಿಯೊಂದು ದನಿಗೂ ದರ್ಜೆಯುಂಟು. ಅದನ್ನು ಆಟ ಬರೆಯುವವನೇ ಹೇಳಬೇಕು. ಜಾಗ ಸಾಲದಾದಾಗ ಕೆಳದರ್ಜೆಯದು ಏಳುತ್ತದೆ. ಅದನ್ನೂ ಕತ್ತು ಹಿಡಿದು ನೂಕುವುದಿಲ್ಲ. ಕೆಲವು ಮಿಲಿಸೆಕೆಂಡುಗಳಲ್ಲಿ ತಗ್ಗಿಸಿ ಬೀಳ್ಕೊಡುತ್ತೇನೆ. ದೀರ್ಘವಾದ ದನಿಯಾದರೆ ಮೌನದಲ್ಲೂ ಅದರ ಕಾಲದ ಲೆಕ್ಕ ನಡೆಯುತ್ತಿದ್ದು, ಜಾಗ ತೆರವಾದೊಡನೆ ಸರಿಯಾದ ಎಡೆಯಲ್ಲಿಯೇ ಬಂದು ಸೇರಿಕೊಳ್ಳುತ್ತದೆ.

ತಂಬೂರಿಗೆ ಮೊದಲ ದರ್ಜೆ ಕೊಟ್ಟು ಮರುದಿನ ಮತ್ತೆ ಕೇಳಿಸಿದೆ. ಯುದ್ಧ ಮುಗಿಯುವವರೆಗೂ ಅದು ನುಡಿಯಿತು. ಅಪ್ಪ ಕಣ್ಣುಮುಚ್ಚಿ ಕೇಳಿ, “ಪಂಚಮ ಒಂದಿಷ್ಟು ಇಳಿದಿದೆ. ಅವತ್ತು ನನ್ನ ಕೈ ನಡುಗುತ್ತಿತ್ತು” ಎಂದರು.

ಅದನ್ನು ಮಾತ್ರ ನಾನು ತಿದ್ದಲಿಲ್ಲ.