ಓಲಗವೂ ಆರ್ಕೆಸ್ಟ್ರಾವೂ

ಈ ಸಲ ಜೂನ್‌ನಲ್ಲಿ ಶಾಲೆ ಶುರುವಾದಾಗ ಮಕ್ಕಳ ವಿವರ ಬರೆಸಿಕೊಳ್ಳುತ್ತಿದ್ದೆವು. ಉದ್ದನಪಲ್ಲಿಯ ಹುಡುಗನೊಬ್ಬ ಅಪ್ಪನ ಕಸುಬು ಎಂಬಲ್ಲಿ 'ಆರ್ಕೆಸ್ಟ್ರಾ' ಎಂದು ಬರೆದಿದ್ದ.

"ಏನೋ, ನಿಮ್ಮಪ್ಪ ಓಲಗ ಊದೋರಲ್ವೇನೋ?" ಎಂದು ನಕ್ಕುಬಿಟ್ಟೆವು. ಮಕ್ಕಳೂ ನಕ್ಕರು. ಹುಡುಗ ತಲೆ ತಗ್ಗಿಸಿದ.

ಆ ನಗು ಆಮೇಲೆ ನಮ್ಮನ್ನೇ ಚುಚ್ಚತೊಡಗಿತು. ಸಂಜೆ ನಿಘಂಟು ಹಿಡಿದು ಕೂತೆವು.

ಓಲಗ ಎಂದರೆ ಮೊದಲಿಗೆ ವಾದ್ಯವೇ ಅಲ್ಲ! ಹಳಗನ್ನಡದಲ್ಲಿ ಅದು ಅರಸನ ಸಭೆ, ಸೇವೆ. ಓಲಗಿಸು ಎಂದರೆ ಸೇವೆ ಮಾಡು. ಯಕ್ಷಗಾನದ ಒಡ್ಡೋಲಗದಲ್ಲಿ ಆ ಅರ್ಥ ಇನ್ನೂ ಉಳಿದಿದೆ. ತೆಲುಗಿನ ಪೇರೋಲಗ, ತಮಿಳಿನ ಓಲಕ್ಕಂ ಕೂಡ ರಾಜಸಭೆಯೇ. ಕನ್ನಡದಲ್ಲಿ ಆ ಹೆಸರು ನಾಗಸ್ವರ, ಡೋಲಿಗೂ ಅಂಟಿಕೊಂಡಿತು. ಇಲ್ಲಿನ ಮದುವೆಗಳಲ್ಲಿ ಅದನ್ನೇ ತಮಿಳರು, ತೆಲುಗರು ಮೇಳ ಅಂತಾರೆ. ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ಕೂಗುವುದು 'ಗಟ್ಟಿಮೇಳ' ಎಂದೇ ಅನ್ನಿ.

ಇನ್ನು ಆರ್ಕೆಸ್ಟ್ರಾ. ಗ್ರೀಕರಲ್ಲಿ ಅದು ನಾಟಕದ ರಂಗದ ಮುಂದಿನ ಅಂಗಳ, ಹಾಡುವ ತಂಡ ಕುಣಿಯುತ್ತಿದ್ದ ಜಾಗ. ಪದದ ಮೂಲದಲ್ಲಿರುವುದೂ 'ಕುಣಿ' ಎಂಬ ಅರ್ಥವೇ. ರೋಮಿನಲ್ಲಿ ಅದೇ ಜಾಗದಲ್ಲಿ ಸೆನೆಟಿನ ದೊಡ್ಡವರು ಕೂತರು. ಮುಂದೆ ಯುರೋಪಿನ ರಂಗಮಂದಿರಗಳಲ್ಲಿ ಅಲ್ಲಿ ವಾದ್ಯದವರು ಕೂತರು, ಜಾಗದ ಹೆಸರು ಅವರದಾಯಿತು. ಇಟಲಿಯವರ ಓರ್ಕೆಸ್ತ್ರಾ, ಜರ್ಮನರ ಓರ್ಕೆಸ್ಟರ್, ಸ್ಪೇನಿನವರ ಓರ್ಕೆಸ್ತಾ ಎಲ್ಲ ಅದೇ. ಫ್ರೆಂಚರಲ್ಲಂತೂ ವಾದ್ಯದವರಿಗೂ ಅದೇ ಹೆಸರು, ರಂಗದ ಮುಂದಿನ ಸೀಟುಗಳಿಗೂ ಅದೇ ಹೆಸರು. ನಮ್ಮ ಜಾತ್ರೆಗಳಿಗೆ ಬರುವಷ್ಟರಲ್ಲಿ ಆರ್ಕೆಸ್ಟ್ರಾ ಎಂದರೆ ಕೀಬೋರ್ಡು, ಮೈಕು, ಸಿನಿಮಾ ಹಾಡು!

ಅಲ್ಲಿಯೂ ಇಲ್ಲಿಯೂ ಒಂದೇ ಕತೆ, ನೋಡಿ. ಸಭೆಯ ಹೆಸರು ಇಲ್ಲಿ, ಅಂಗಳದ ಹೆಸರು ಅಲ್ಲಿ, ಎರಡೂ ಕೊನೆಗೆ ನುಡಿಸುವವರ ಪಾಲಿಗೆ ಬಂದವು. ಆದರೂ ಒಂದನ್ನು ಹೇಳಿದರೆ ಮರ್ಯಾದೆ, ಇನ್ನೊಂದನ್ನು ಹೇಳಿದರೆ ನಗು. ಅದು ಪದದ ತಪ್ಪೇ?

ಮಾರನೆಯ ದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿ, "ನಿನ್ನೆ ನಕ್ಕಿದ್ದು ನಮ್ಮ ತಪ್ಪು" ಎಂದೆವು.

"ಹಂಗಾದ್ರೆ ಏನ್ ಬರೀಲಿ ಸಾರ್?" ಎಂದ ಹುಡುಗ.

"ನಿಂಗೆ ಸರಿ ಅನ್ಸಿದ್ದು ಬರಿ."

ಪೆನ್ನು ಕಚ್ಚುತ್ತಾ ಸ್ವಲ್ಪ ಹೊತ್ತು ಯೋಚಿಸಿದ. ಮೊದಲು ಬರೆದದ್ದನ್ನು ಹೊಡೆದುಹಾಕಲಿಲ್ಲ. ಅದರ ಹಿಂದೆ ಉಳಿದಿದ್ದ ಜಾಗದಲ್ಲೇ ಇನ್ನೊಂದು ಪದ ತುರುಕಿದ.

ನಮ್ಮ ರಿಜಿಸ್ಟರಿನಲ್ಲಿ ಈಗ ಅವನ ಅಪ್ಪನ ಕಸುಬು 'ಓಲಗ ಆರ್ಕೆಸ್ಟ್ರಾ'.