ಖಾಲಿ ಕುರ್ಚಿ ಯಾರದು?

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಿಂದ ಸಮುದ್ರ ಬಹಳ ದೂರ. ಕಾರವಾರದ ಕಡಲು ನೋಡಬೇಕೆಂದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಅದಕ್ಕೇ ಈ ಮೂರೂರಿಗೆ ಹೊರಟಾಗ ಸಮುದ್ರದಂಡೆಯ ಚಿತ್ರವೊಂದನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಫ್ರಾನ್ಸಿನ ಕ್ಲೋದ್ ಮೊನೆ 1870ರ ಬೇಸಿಗೆಯಲ್ಲಿ ತ್ರೂವಿಲ್ ಎಂಬ ಊರಿನ ದಂಡೆಯಲ್ಲಿ ಬರೆದದ್ದು. ಮೂಲ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನನ್ನದು ಅಚ್ಚಿನ ಪ್ರತಿ.

ಚಿತ್ರದಲ್ಲಿ ಕೊಡೆ ಹಿಡಿದು ಕುಳಿತ ಇಬ್ಬರು ಹೆಂಗಸರು. ಎಡಕ್ಕೆ ಬಿಳಿ ಉಡುಪಿನಲ್ಲಿ ಮೊನೆಯ ಹೆಂಡತಿ ಕಮೀಲ್. ಬಲಕ್ಕೆ ಕಪ್ಪು ಉಡುಪಿನಾಕೆ ಏನೋ ಓದುತ್ತಿದ್ದಾಳೆ. ನಡುವೆ ಒಂದು ಖಾಲಿ ಕುರ್ಚಿ.

ರೋಣದಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಚಿತ್ರ ಹರವಿದೆ. “ಇಬ್ಬರೂ ಯಾಕ ಮಾತಾಡವಲ್ಲರು? ಜಗಳ ಆಡ್ಯಾರೇನ್ರಿ?” ಎಂದಳು ಶಾಲೆಯ ಹುಡುಗಿ. ಅವಳಜ್ಜಿ ನಕ್ಕರು: “ಜಗಳ ಆಡಿದ್ರ ಬಾಜೂಕ ಕುಂದರತಿದ್ದಿಲ್ಲವಾ. ಸುಮ್ಮನ ಕುಂದರೂದೂ ಒಂದು ಗೆಳೆತನಾನ.”

ನರಗುಂದದಲ್ಲಿ ಕೋಟೆ ಗುಡ್ಡದ ಬುಡದಲ್ಲಿ ಕುಳಿತು ಮಕ್ಕಳಿಗೆ ಚಿತ್ರದ ಹಿಂದಿನ ಕಥೆ ಹೇಳಿದೆ. ಅದೇ ಜುಲೈಯಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಶುರುವಾಯಿತು. ಕೆಲವೇ ತಿಂಗಳಲ್ಲಿ ಮೊನೆ ಹೆಂಡತಿ, ಮಗನೊಡನೆ ಲಂಡನ್ ಸೇರಿದ. ಚಿತ್ರದಲ್ಲಿ ಯುದ್ಧದ ಸುಳಿವೇ ಇಲ್ಲ! ಪಕ್ಕದಲ್ಲಿದ್ದ ಅಜ್ಜ ಗುಡ್ಡದತ್ತ ನೋಡಿ, “ನಮ್ಮ ಗುಡ್ಡನೂ ಹಂಗ. ನೋಡಾಕ ತಣ್ಣಗ ಐತಿ” ಎಂದರು. 1858ರಲ್ಲಿ ಬ್ರಿಟಿಷರ ವಿರುದ್ಧ ಬಾಬಾಸಾಹೇಬ ಬಂಡೆದ್ದದ್ದು ಇಲ್ಲಿಯೇ. ಆ ಜೂನಿನಲ್ಲೇ ಅವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಗಜೇಂದ್ರಗಡ ನೇಕಾರರ ಊರು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಮಗ್ಗದ ಅಜ್ಜರೊಬ್ಬರು ಚಿತ್ರವನ್ನು ಮೊದಲು ಕಣ್ಣಿನ ಹತ್ತಿರ ಹಿಡಿದರು, ಆಮೇಲೆ ತೋಳುದ್ದ ದೂರ. “ಹತ್ರ ಬರೇ ಬಣ್ಣದ ಗೀರು. ದೂರ ಹಿಡಿದ್ರ ಮನಷ್ಯಾರು. ನಮ್ಮದೂ ಹಂಗ: ಹತ್ರ ಎಳಿ, ದೂರ ಸೀರಿ” ಎಂದರು. ಮೊನೆಯ ಕೈಚಳಕವನ್ನು ಇದಕ್ಕಿಂತ ಸುಲಭವಾಗಿ ಯಾರು ಹೇಳಿಯಾರು?

ಇನ್ನೊಂದು ಸ್ವಾರಸ್ಯವನ್ನು ಅಲ್ಲಿಗೇ ಉಳಿಸಿಕೊಂಡಿದ್ದೆ. ಮೂಲ ಚಿತ್ರದ ಬಣ್ಣದಲ್ಲಿ ಮರಳಿನ ಕಣಗಳು ಅಂಟಿಕೊಂಡಿವೆ. ಮೊನೆ ದಂಡೆಯಲ್ಲೇ ಕುಳಿತು ಬರೆದ ಎಂಬುದಕ್ಕೆ ಅದೇ ಸಾಕ್ಷಿ. ಕೇಳುತ್ತಿದ್ದ ಅಜ್ಜರ ಮೊಮ್ಮಗ ಥಟ್ಟನೆ ಹೇಳಿದ: “ಹಂಗಾರ ಖಾಲಿ ಕುರ್ಚಿ ಚಿತ್ರ ಬರಿಯಾವಂದು! ಎದ್ದು ಬಂದು ಬರಿಯಾಕತ್ತಾನ!”

ಇರಬಹುದು. ಮೊನೆಯ ಪುಟ್ಟ ಮಗ ಜಾನ್‌ನದೂ ಇರಬಹುದು. ಅವನಿಗಾಗ ಮೂರು ವರ್ಷ, ಮರಳಲ್ಲಿ ಆಡಲು ಓಡಿದ್ದಾನು.

ಮಕ್ಕಳೇ, ಚಿತ್ರ ನೋಡುವಾಗ ಕಣ್ಣಿಗೆ ಕಂಡದ್ದನ್ನು ಮೊದಲು ಹೇಳಿ, ಊಹೆಯನ್ನು ಆಮೇಲೆ. ಅಜ್ಜ ಅಜ್ಜಿಯನ್ನೂ ಜೊತೆಗೆ ಕೂರಿಸಿಕೊಳ್ಳಿ. ನಿಮಗೆ ಕಾಣದ್ದು ಅವರಿಗೆ ಕಂಡೀತು, ಅವರಿಗೆ ಕಾಣದ್ದು ನಿಮಗೆ.